ಎದುರಾಳಿಯನ್ನೂ ನಾವೇ ಓಡಿಸುವ ರೇಸು

ಬೇಸಿಗೆ ರಜೆಗೆ ಅಜ್ಜಿ ಮನೆಗೆ ಹೋದರೆ ಅಟ್ಟದ ಮೇಲಿಂದ ಮೊದಲು ಇಳಿಯುತ್ತಿದ್ದದ್ದು ಮೊಳೆ ಹಲಗೆ. ಜಾತ್ರೆಯಲ್ಲಿ ಕೊಂಡು ತಂದದ್ದು. ಪ್ಲೈವುಡ್ಡಿನ ಹಲಗೆ, ಮೇಲ್ತುದಿಯಲ್ಲಿ ಬಾಗಿಸಿದ ತಗಡಿನ ಪಟ್ಟಿ, ಅರ್ಧಚಂದ್ರದ ಹಾಗೆ ಹೊಡೆದ ಮೊಳೆಗಳು, ಬಲಗಡೆ ಸ್ಪ್ರಿಂಗಿನ ಕೋಲು. ಕೋಲು ಎಳೆದು ಬಿಟ್ಟರೆ ಗೋಲಿ ತಿರುವು ಸುತ್ತಿಕೊಂಡು, ಮೊಳೆಗಳಿಗೆ ಟಕಟಕ ತಾಗುತ್ತಾ ಇಳಿದು, ಎಲ್ಲೋ ಒಂದು ಮನೆ ಸೇರುತ್ತಿತ್ತು. ಮನೆಗೆ ತಕ್ಕಷ್ಟು ಅಂಕ. ನಮ್ಮ ಹಲಗೆಯ ನಟ್ಟನಡುವೆ ಒಂದು ಕೆಂಪು ರೇಸ್ ಕಾರಿನ ಚಿತ್ರವಿತ್ತು. ಚಕ್ರದ ಹಿಂದೆ ಧೂಳೆದ್ದ ಹಾಗೆ ಮೂರು ಗೆರೆ. ಈ ಕಾರಿಗೂ ಗೋಲಿಗೂ ಏನು ಸಂಬಂಧ ಎಂದು ನಾವ್ಯಾರೂ ಕೇಳಲಿಲ್ಲ. ಕೇಳಬೇಕು ಎಂದೂ ಅನಿಸಿರಲಿಲ್ಲ.

ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡದ್ದು ಬಹಳ ವರ್ಷಗಳ ಮೇಲೆ, ಅಮೆರಿಕದ ಹಳೆಯ ಪಿನ್‌ಬಾಲ್ ಯಂತ್ರಗಳ ಬಗ್ಗೆ ಓದುವಾಗ, ಅವನ್ನು ದುರಸ್ತಿ ಮಾಡಿ ಆಡುವವರ ಆಟ ನೋಡುವಾಗ. ಕಾರು ರೇಸಿನ ಚಿತ್ರ ಹೊತ್ತ ಯಂತ್ರಗಳು ಅಲ್ಲಿ ಬೇಕಾದಷ್ಟಿವೆ. ಅವುಗಳಲ್ಲಿ ಹೆಚ್ಚಿನವು ನಮ್ಮ ಜಾತ್ರೆ ಹಲಗೆಯ ಅಣ್ಣತಮ್ಮಂದಿರೇ. ಚಿತ್ರ ಒಂದು ಹೇಳುತ್ತದೆ, ಆಟ ಇನ್ನೊಂದು ಮಾಡುತ್ತದೆ. ಆದರೆ ಒಂದು ಯಂತ್ರ ಮಾತ್ರ ಈ ಪ್ರಶ್ನೆಯನ್ನು ನಿಜವಾಗಿ ಎದುರಿಸಿತು ಎಂದು ನನಗೆ ಅನಿಸುತ್ತದೆ. ಅದು 1951ರಲ್ಲಿ ಷಿಕಾಗೋದ ವಿಲಿಯಮ್ಸ್ ಕಂಪನಿ ತಂದ 'ಜಲೋಪಿ'. ಜಲೋಪಿ ಎಂದರೆ ನಾವು ಡಕೋಟ ಗಾಡಿ ಅನ್ನುತ್ತೇವಲ್ಲ, ಅದು. ಈ ಡಕೋಟ ಗಾಡಿಗಳ ಆಟವನ್ನು ಒಂದು ಕೃತಿಯಂತೆ ಓದಲು ಇಲ್ಲಿ ಪ್ರಯತ್ನಿಸಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. ಮೊಳೆ ಹಲಗೆಯ ಆಟ ಯುರೋಪಿನಿಂದ ಬಂದದ್ದು. ಅಮೆರಿಕದಲ್ಲಿ ನೆಲೆಸಿದ ಮಾಂಟೇಗ್ ರೆಡ್‌ಗ್ರೇವ್ ಎಂಬಾತ 1871ರಲ್ಲಿ ಅದಕ್ಕೆ ಸ್ಪ್ರಿಂಗಿನ ಕೋಲು ಜೋಡಿಸಿ ಪೇಟೆಂಟು ಪಡೆದ. ಅದು ದೊಡ್ಡ ವ್ಯಾಪಾರವಾದದ್ದು ಮಾತ್ರ 1931ರಲ್ಲಿ. ಡೇವಿಡ್ ಗಾಟ್ಲೀಬ್ 'ಬ್ಯಾಫಲ್ ಬಾಲ್' ಎಂಬ ಆಟವನ್ನು ಹದಿನೇಳೂವರೆ ಡಾಲರಿಗೆ ಮಾರಲು ಶುರುಮಾಡಿದಾಗ ಅದು ಐವತ್ತು ಸಾವಿರಕ್ಕೂ ಹೆಚ್ಚು ಖರ್ಚಾಯಿತು. ಮರುವರ್ಷ ರೇಮಂಡ್ ಮೊಲೋನಿಯ 'ಬ್ಯಾಲಿಹೂ' ಬಂತು, ಅದರಿಂದಲೇ ಬ್ಯಾಲಿ ಕಂಪನಿ ಹುಟ್ಟಿತು. ಅದು ಮಹಾ ಆರ್ಥಿಕ ಕುಸಿತದ ಕಾಲ. ಕೆಲಸ ಕಳೆದುಕೊಂಡವನು ಒಂದು ಸೆಂಟ್ ಹಾಕಿದರೆ ಕೈತುಂಬ ಗುಂಡು ಸಿಗುತ್ತಿತ್ತು, ಸ್ವಲ್ಪ ಹೊತ್ತು ಕಳೆಯುತ್ತಿತ್ತು. ಷಿಕಾಗೋ ಈ ಉದ್ಯಮದ ರಾಜಧಾನಿಯಾಯಿತು.

ಪೈಪೋಟಿ ಹೆಚ್ಚಿದ ಹಾಗೆ ಹಲಗೆಗೆ ಹೊಸ ಹೊಸ ಚಿತ್ರ ಬೇಕಾಯಿತು. ಕುದುರೆ, ಬೇಸ್‌ಬಾಲ್, ಇಸ್ಪೀಟು, ವಿಮಾನ, ಕಾರು. ಕಾರು ಬರುವುದು ಸಹಜವೇ ಆಗಿತ್ತು. ಷಿಕಾಗೋದಿಂದ ಸುಮಾರು ಮುನ್ನೂರು ಕಿಲೋಮೀಟರು ದೂರದಲ್ಲೇ ಇಂಡಿಯಾನಾಪೊಲಿಸ್. ಅಲ್ಲಿನ ಎರಡೂವರೆ ಮೈಲಿಯ ಪಥಕ್ಕೆ ಮೂವತ್ತೆರಡು ಲಕ್ಷ ಇಟ್ಟಿಗೆ ಹಾಸಿದ್ದರು. 1911ರಲ್ಲಿ ರೇ ಹರೂನ್ ಮೊದಲ ಐನೂರು ಮೈಲಿಯ ರೇಸು ಗೆದ್ದ. ಅಂದಿನಿಂದ ಪ್ರತಿ ಮೇ ತಿಂಗಳ ಕೊನೆಯಲ್ಲಿ ದೇಶ ಅತ್ತ ತಿರುಗುತ್ತಿತ್ತು. ಜೀವದ ಹಂಗು ತೊರೆದ ಆಟ ಅದು. 1933ರ ಒಂದೇ ವರ್ಷ, ಅಭ್ಯಾಸದ ದಿನಗಳೂ ಸೇರಿ, ಐವರು ಸತ್ತರು. ಇಂಥ ರೇಸಿನ ಚಿತ್ರ ಹಲಗೆಯ ಮೇಲಿದ್ದರೆ ದಾರಿಹೋಕ ನಿಂತು ನೋಡುತ್ತಾನೆ.

ತೊಡಕು ಇಲ್ಲೇ ಇರುವುದು. ಮೊಳೆ ಹಲಗೆ ರೇಸಿಗೆ ಒಗ್ಗುವ ವಸ್ತುವೇ ಅಲ್ಲ. ಇಂಡಿಯಾನಾಪೊಲಿಸ್‌ನಲ್ಲಿ ಕಾರು ಇನ್ನೂರು ಸುತ್ತು ಹಾಕುತ್ತದೆ, ಹೊರಟಲ್ಲಿಗೇ ಮತ್ತೆ ಮತ್ತೆ ಬರುತ್ತದೆ. ಹಲಗೆಯ ಮೇಲೆ ಗುಂಡು ಒಂದೇ ಸಲ ಮೇಲೇರಿ ಒಂದೇ ಸಲ ಇಳಿಯುತ್ತದೆ. ಇಳಿದದ್ದು ಮರಳುವುದಿಲ್ಲ. ರೇಸಿಗೆ ಎದುರಾಳಿ ಬೇಕು, ಇಲ್ಲಿ ಗುಂಡು ಒಂಟಿ. ರೇಸಿಗೆ ಹೊತ್ತು ಅಳೆಯಬೇಕು, ಇಲ್ಲಿ ಗಡಿಯಾರವೇ ಇಲ್ಲ. ಹೋಲಿಕೆಗೆ ರಾಕೋಲಾ ಕಂಪನಿಯ 1934ರ 'ವರ್ಲ್ಡ್ಸ್ ಸೀರೀಸ್' ನೋಡಬಹುದು. ಅದು ವಿದ್ಯುತ್ತಿನ ಹಂಗಿಲ್ಲದ ಬೇಸ್‌ಬಾಲ್ ಆಟ. ಗುಂಡು ಯಾವ ಗುಂಡಿಗೆ ಬಿತ್ತೋ ಅದಕ್ಕೆ ತಕ್ಕಂತೆ ಹಲಗೆಯೊಳಗಿನ ಮೈದಾನ ತಿರುಗಿ ಓಟಗಾರರು ಮುಂದಿನ ಬೇಸಿಗೆ ಸರಿಯುತ್ತಿದ್ದರು. ಬೇಸ್‌ಬಾಲ್ ನಿಂತು ನಿಂತು ಸಾಗುವ ಆಟ. ಒಂದು ಎಸೆತ, ಒಂದು ಫಲ, ಮತ್ತೆ ನಿಲುಗಡೆ. ಗುಂಡಿನ ಆಟವೂ ಹಾಗೆಯೇ. ಆದ್ದರಿಂದ ಅಲ್ಲಿ ವಸ್ತುವೂ ತಂತ್ರವೂ ಕೈಹಿಡಿದು ನಡೆದವು. ಕಾರು ರೇಸಿಗೆ ಆ ಭಾಗ್ಯ ಇರಲಿಲ್ಲ. ಅಲ್ಲಿ ಕಾರು ಬೆಂಕಿಪೊಟ್ಟಣದ ಮೇಲಿನ ಚಿತ್ರದ ಹಾಗೆ. ಹುಲಿಯ ಚಿತ್ರವಿದ್ದರೂ ಕಡ್ಡಿ ಕಡ್ಡಿಯೇ.

ಆದರೂ ಆ ಕಾಲದ ಆಟಗಾರನಿಗೆ ಸ್ಟಿಯರಿಂಗ್ ಇರಲೇ ಇಲ್ಲ ಎನ್ನುವಂತಿಲ್ಲ. ಇತ್ತು, ಅವನ ಮೈಯೇ ಅದು. ಗುಂಡು ಕೈಬಿಟ್ಟ ಮೇಲೆ ಅವನು ಪೆಟ್ಟಿಗೆಯನ್ನು ಸೊಂಟದಿಂದ ತಳ್ಳುತ್ತಿದ್ದ, ಅಂಗೈಯಿಂದ ಗುದ್ದುತ್ತಿದ್ದ, ಮೂಲೆ ಎತ್ತುತ್ತಿದ್ದ. ಗುಂಡನ್ನು ತಿರುಗಿಸಲಾಗದವನು ಲೋಕವನ್ನೇ ಓರೆ ಮಾಡುವ ಉಪಾಯ. ಇದಕ್ಕೆ ಕಡಿವಾಣ ಹಾಕಿದವನು ಹ್ಯಾರಿ ವಿಲಿಯಮ್ಸ್. ಆತ ಕಂಡುಹಿಡಿದ 'ಟಿಲ್ಟ್' ಸಾಧನ ಕ್ರಮೇಣ ಒಂದು ಲೋಲಕದ ರೂಪ ಪಡೆಯಿತು. ಪೆಟ್ಟಿಗೆ ಮಿತಿಮೀರಿ ಅಲುಗಿದರೆ ಲೋಲಕ ಸುತ್ತಲಿನ ಬಳೆಗೆ ತಾಗುತ್ತದೆ, ಆಟ ಸತ್ತುಹೋಗುತ್ತದೆ. ಇದನ್ನು ಬರಿಯ ಪೊಲೀಸುಗಿರಿ ಎಂದು ತಿಳಿಯಬೇಕಾಗಿಲ್ಲ. ಲೋಲಕ ಸ್ವಲ್ಪ ಅಲುಗುವುದನ್ನು ಕ್ಷಮಿಸುತ್ತದೆ. ಎಷ್ಟು ಅಲುಗಿಸಿದರೆ ಗುಂಡು ಮಾತು ಕೇಳುತ್ತದೆ, ಎಷ್ಟಕ್ಕೆ ಯಂತ್ರ ಮುನಿಯುತ್ತದೆ ಎಂಬ ಅಂದಾಜೇ ಒಂದು ವಿದ್ಯೆಯಾಯಿತು. ತಿರುವಿನಲ್ಲಿ ಚಕ್ರ ಜಾರುವ ಒಂದು ಕೂದಲೆಳೆ ಮುಂಚೆ ಹಿಡಿತ ಉಳಿಸಿಕೊಳ್ಳುವ ಚಾಲಕನ ವಿದ್ಯೆಗೆ ಇದು ಹತ್ತಿರ. ಹಲಗೆಯ ಮೇಲೆ ಬರೆದ ಕಾರಿಗಿಂತ ಆಟಗಾರನ ಸೊಂಟದಲ್ಲಿ ಹೆಚ್ಚು ರೇಸು ಇತ್ತು.

ಮುಂದಿನ ಹದಿನೈದು ವರ್ಷಗಳಲ್ಲಿ ಯಂತ್ರ ಬದಲಾಯಿತು. ಇದೇ ಹ್ಯಾರಿ ವಿಲಿಯಮ್ಸ್ 1933ರ 'ಕಾಂಟ್ಯಾಕ್ಟ್' ಆಟದಲ್ಲಿ ವಿದ್ಯುತ್ತು ತಂದ, ಗುಂಡಿಗೆ ಬಿದ್ದ ಗುಂಡನ್ನು ಯಂತ್ರವೇ ಹೊರಗೆ ಒದೆಯಿತು. 1936ರಲ್ಲಿ ಬ್ಯಾಲಿಯ 'ಬಂಪರ್' ಬಂದ ಮೇಲೆ ಗುಂಡು ಗುಂಡಿಗೆ ಬೀಳಬೇಕಾಗಿರಲಿಲ್ಲ, ತಾಗಿದರೆ ಸಾಕು. 1947ರಲ್ಲಿ ಗಾಟ್ಲೀಬ್ ಕಂಪನಿಯ 'ಹಂಪ್ಟಿ ಡಂಪ್ಟಿ' ಆಟಕ್ಕೆ ಹ್ಯಾರಿ ಮ್ಯಾಬ್ಸ್ ಆರು ಫ್ಲಿಪ್ಪರು ಇಟ್ಟ. ಮರುವರ್ಷ ಸ್ಟೀವ್ ಕಾರ್ಡೆಕ್ ಎರಡೇ ಫ್ಲಿಪ್ಪರುಗಳನ್ನು ಹಲಗೆಯ ಬುಡಕ್ಕೆ ತಂದು ಕೂರಿಸಿದ. ಇಳಿದದ್ದು ಮರಳಿ ಏರಬಹುದಾಯಿತು. ಜೊತೆಗೆ, ತಂತಿ ಮತ್ತು ರಿಲೇಗಳಿಂದಾಗಿ ಯಂತ್ರಕ್ಕೆ ನೆನಪು ಬಂತು. ಗುಂಡು ಏನನ್ನು ತಾಗಿತು ಎಂಬುದನ್ನು ಎದುರಿಗೆ ನಿಂತ ಗಾಜಿನ ಪೆಟ್ಟಿಗೆ ನೆನಪಿಟ್ಟು ತೋರಿಸತೊಡಗಿತು.

ಈ ನೆನಪೇ ಜಲೋಪಿಯ ಬೀಜ. ಆದರೆ ಜಲೋಪಿಗೆ ಮುಂಚೆ ಕುದುರೆ ಬಂತು ಎಂಬುದನ್ನು ಮರೆಯುವಂತಿಲ್ಲ. ವಿಲಿಯಮ್ಸ್ ಕಂಪನಿ ಅದೇ ವರ್ಷ 'ಹೇಬರ್ನರ್ಸ್' ಎಂಬ ಕುದುರೆ ರೇಸಿನ ಆಟ ತಂದಿತ್ತು. ಹುಲ್ಲು ಸುಡುವವು, ಅಂದರೆ ತಿನ್ನುವುದಷ್ಟೇ ಕೆಲಸವಾದ ಬಡಕಲು ಕುದುರೆಗಳು. ಗಾಜಿನ ಹಿಂದೆ ಆರು ಪುಟ್ಟ ಕುದುರೆಗಳು ನಿಜವಾಗಿ ಸರಿಯುತ್ತಿದ್ದವು. ಜಲೋಪಿಯಲ್ಲಿ ಕುದುರೆಗಳ ಜಾಗಕ್ಕೆ ಆರು ಹಳೆಯ ಕಾರುಗಳು ಬಂದವು. ಅಸ್ಥಿಪಂಜರ ಒಂದೇ, ಚರ್ಮ ಬೇರೆ. ಇದನ್ನು ಕೇಳಿದ ಕೂಡಲೇ 'ಮತ್ತೆ ಅದೇ ಬೆಂಕಿಪೊಟ್ಟಣದ ಹುಲಿ' ಎನ್ನಬಹುದು. ನಾನೂ ಮೊದಲು ಹಾಗೇ ಅಂದುಕೊಂಡೆ.

ಆಟದ ಕ್ರಮ ನೋಡಿ. ಆರು ಕಾರುಗಳಲ್ಲಿ ಒಂದು ನಿಮ್ಮದು. ಹಲಗೆಯ ಮೇಲೆ ಕಾರುಗಳ ಸಂಖ್ಯೆಗೆ ತಕ್ಕ ಗುರಿಗಳು. ಗುಂಡು ಒಂದು ಗುರಿಗೆ ತಾಗಿದರೆ ಸಂಪರ್ಕ ಕೂಡುತ್ತದೆ, ವಿದ್ಯುತ್ತು ಹರಿಯುತ್ತದೆ, ಆ ಸಂಖ್ಯೆಯ ಕಾರು ಒಂದು ಹೆಜ್ಜೆ ಮುಂದೆ ಸರಿಯುತ್ತದೆ. ಮೊದಲು ಗುರಿ ಮುಟ್ಟಿದ ಕಾರು ಗೆಲ್ಲುತ್ತದೆ. ಅದು ನಿಮ್ಮದಾಗಿದ್ದರೆ ಬಹುಮಾನವಾಗಿ ಮರು ಆಟ ಸಿಗುತ್ತದೆ. ಇಷ್ಟೇ.

ಈ 'ಇಷ್ಟೇ'ಯಲ್ಲಿ ಒಂದು ವಿಚಿತ್ರ ಅಡಗಿದೆ. ಉಳಿದ ಐದು ಕಾರುಗಳನ್ನು ಓಡಿಸುವವರು ಯಾರು? ಯಂತ್ರವಲ್ಲ, ಇನ್ನೊಬ್ಬ ಆಟಗಾರನೂ ಅಲ್ಲ. ನೀವೇ. ನಿಮ್ಮ ಗುಂಡು ತಾಗದೆ ಹೋದರೆ ಒಂದು ಕಾರೂ ಅಲುಗುವುದಿಲ್ಲ. ಎದುರಾಳಿ ಮುನ್ನಡೆದ ಪ್ರತಿ ಹೆಜ್ಜೆಗೂ ನಿಮ್ಮದೇ ಒಂದು ಹೊಡೆತ ಕಾರಣ. ಆರೂ ಗುರಿಗಳು ಸಮಾನವಾಗಿ ತೆರೆದಿವೆ ಎಂದುಕೊಂಡು ಕಣ್ಣುಮುಚ್ಚಿ ಆಡಿದರೆ, ನಿಮ್ಮ ಆರು ಹೊಡೆತಗಳಲ್ಲಿ ಐದು ನಿಮ್ಮ ವಿರುದ್ಧವೇ ಕೆಲಸ ಮಾಡುತ್ತವೆ. ಬೇರೆ ಪಿನ್‌ಬಾಲ್ ಆಟಗಳಲ್ಲಿ ತಾಗಿದ್ದೆಲ್ಲ ಲಾಭ. ಗುಂಡು ಹೆಚ್ಚು ಹೊತ್ತು ಕುಣಿದಷ್ಟೂ ಒಳ್ಳೆಯದು, ಗದ್ದಲವೇ ಐಶ್ವರ್ಯ. ಜಲೋಪಿ ಈ ಮೂಲ ನಿಯಮವನ್ನೇ ತಿರುಗಿಸಿ ಹಾಕಿತು. ಇಲ್ಲಿ ಗುಂಡು ಬಂಪರುಗಳ ನಡುವೆ ಸಂಭ್ರಮದಿಂದ ಕುಣಿಯುವಾಗ ಆಟಗಾರನ ಎದೆ ಕುಸಿಯುತ್ತದೆ, ಏಕೆಂದರೆ ಗಾಜಿನಲ್ಲಿ ಪರರ ಗಾಡಿಗಳು ಸರಸರ ಸರಿಯುತ್ತಿವೆ. ಈಗ ಆಡುವ ವಿದ್ಯೆ ಬೇರೆಯೇ ಆಗುತ್ತದೆ. ಎಲ್ಲಿ ಹೊಡೆಯಬೇಕು ಎನ್ನುವಷ್ಟೇ ಎಲ್ಲಿ ತಾಗಬಾರದು ಎಂಬುದೂ ಮುಖ್ಯ. ಪೆಟ್ಟಿಗೆಯನ್ನು ಮೆಲ್ಲಗೆ ತಳ್ಳುವ ಆ ಹಳೆಯ ಸೊಂಟದ ವಿದ್ಯೆಗೂ ಹೊಸ ಅರ್ಥ. ಗುಂಡನ್ನು ಗುರಿಗೆ ಒಯ್ಯಲು ಮಾತ್ರವಲ್ಲ, ಗುರಿ ತಪ್ಪಿಸಲೂ ಅದು ಬೇಕು.

ಇಲ್ಲಿ ಚಿತ್ರ ಮತ್ತು ಆಟ ಒಂದಾದವು ಎಂದು ನನ್ನ ವಾದ. ಆದರೆ ಅವು ಒಂದಾದದ್ದು ಕಾರು ಓಡಿಸುವ ಅನುಭವದಲ್ಲಿ ಅಲ್ಲ. ಜಲೋಪಿಯಲ್ಲಿ ವೇಗವೇ ಇಲ್ಲ. ಗಾಡಿ ಒಂದೊಂದೇ ಹೆಜ್ಜೆ ಸರಿಯುತ್ತದೆ, ಮೆಲ್ಲಗೆ ತಾಗಿದರೂ ಅಷ್ಟೇ, ಜೋರಾಗಿ ಬಡಿದರೂ ಅಷ್ಟೇ. ಗುಂಡು ಕೋಲಿನ ಮುಂದೆ ಸುಮ್ಮನೆ ಕೂತಿದ್ದರೆ ಆರೂ ಗಾಡಿಗಳು ದಾರಿಯಲ್ಲೇ ಕಾಯುತ್ತವೆ. ಹೊತ್ತಿಲ್ಲದ ರೇಸು ಅದು. ಒಂದಾದದ್ದು ಬೇರೆ ಕಡೆ. ಸ್ಪರ್ಧೆಯಲ್ಲಿ ಇರುವವನ ಒಳಗಿನ ಸ್ಥಿತಿಯಲ್ಲಿ. ನಾನು ಎಷ್ಟು ಓಡಿದೆ ಎನ್ನುವುದಕ್ಕಿಂತ ನನ್ನ ಓಟದಿಂದ ಇನ್ಯಾರು ಮುಂದೆ ಹೋದರು ಎಂದು ಕಣ್ಣು ಪಕ್ಕಕ್ಕೆ ಹೊರಳುವ ಸ್ಥಿತಿ. ಪೈಪೋಟಿಯ ಬದುಕಿನಲ್ಲಿ ನಮ್ಮ ದುಡಿಮೆಯ ಎಷ್ಟೋ ಪಾಲು ನಮಗೆ ಸೇರದೆ ಬೇರೆಯವರ ಗಾಡಿಯನ್ನು ಮುಂದೆ ತಳ್ಳುತ್ತದೆ. ಐದು ಸೆಂಟಿನ ಆಟವೊಂದು ಇದನ್ನು ಉಪದೇಶವಿಲ್ಲದೆ, ಬರಿಯ ತಂತಿಜೋಡಣೆಯಿಂದ ಹೇಳಿಬಿಟ್ಟಿತು. ಹೇಳುವ ಉದ್ದೇಶ ತಯಾರಕರಿಗೆ ಇತ್ತೋ ಇಲ್ಲವೋ, ವಿಮರ್ಶಕನಿಗೆ ಅದು ಮುಖ್ಯವಲ್ಲ. ತಂತಿ ಹಾಗಿದೆ, ಅರ್ಥವೂ ಹಾಗೆ ಬರುತ್ತದೆ.

ಗಾಡಿಗಳು ಡಕೋಟ ಆಗಿರುವುದೂ ಇಲ್ಲಿ ಸಾರ್ಥಕ. ಯುದ್ಧ ಮುಗಿದ ಮೇಲೆ ಅಮೆರಿಕದ ಊರೂರಿನ ಮಣ್ಣಿನ ಪಥಗಳಲ್ಲಿ 1930ರ ದಶಕದ ಹಳೆಯ ಕಾರುಗಳ ರೇಸು ಜನಪ್ರಿಯವಾಗಿತ್ತು. ಗುಜರಿಗೆ ಹೋಗಬೇಕಾದ ಗಾಡಿಯ ಗಾಜು ಕಿತ್ತು, ನಂಬರು ಬಳಿದು, ಪಥಕ್ಕೆ ಇಳಿಸುವ ಬಡವರ ರೇಸು. ಇಂಡಿಯಾನಾಪೊಲಿಸ್‌ನ ವೀರರ ವೈಭವ ಅಲ್ಲಿಲ್ಲ. ವೇಗವಿಲ್ಲದೆ ಗಡಗಡ ಸರಿಯುವ ಯಂತ್ರಕ್ಕೆ ಇಂಥ ಗಾಡಿಯೇ ತಕ್ಕದ್ದು. ಕುದುರೆಯಾಗಿದ್ದರೆ ಹಾಗೆ ಕುಂಟುವುದು ಕೃತಕ ಅನಿಸುತ್ತದೆ. ಡಕೋಟ ಗಾಡಿ ಕುಂಟಿದರೆ ಅದು ಅದರ ಸ್ವಭಾವವೇ. ಹಾಗಾಗಿ ಚರ್ಮ ಬದಲಾದದ್ದು ಬರಿಯ ಚರ್ಮ ಬದಲಾದ ಹಾಗಾಗಲಿಲ್ಲ.

ದೋಷಗಳಿಲ್ಲ ಎನ್ನುತ್ತಿಲ್ಲ. ಮೊದಲನೆಯದು, ಹಿಂದೆ ಬಿದ್ದವನಿಗೆ ದಾರಿ ಇಲ್ಲ. ಪರರ ಗಾಡಿ ಗುರಿಗೆ ಎರಡೇ ಹೆಜ್ಜೆ ದೂರವಿದ್ದು ನನ್ನದು ಇನ್ನೂ ಬುಡದಲ್ಲೇ ಇದ್ದರೆ ಉಳಿದ ಗುಂಡುಗಳನ್ನು ಸುಮ್ಮನೆ ಮುಗಿಸಬೇಕು. ಅಂಕದ ಆಟದಲ್ಲಾದರೆ ಕೊನೆಯ ಗುಂಡಿಗೂ ಜೀವವಿರುತ್ತದೆ. ಎರಡನೆಯದು, ಮಣ್ಣಿನ ಪಥದ ರೇಸಿಗೆ ಜನ ಸೇರುತ್ತಿದ್ದದ್ದು ಗಾಡಿಗಳು ಒಂದಕ್ಕೊಂದು ಗುದ್ದಿ ಮಗುಚುವುದನ್ನು ನೋಡಲಿಕ್ಕೂ ಹೌದು. ಯಂತ್ರದಲ್ಲಿ ಆ ಅಪಾಯ ಇಲ್ಲ. ಆರೂ ಗಾಡಿಗಳು ತಮ್ಮ ತಮ್ಮ ಗೆರೆಯಲ್ಲಿ ಸಭ್ಯವಾಗಿ ಸಾಗುತ್ತವೆ. ಮೂರನೆಯ ದೋಷ ಎಲ್ಲಕ್ಕಿಂತ ಆಳದ್ದು. ಈ ಯಂತ್ರದ ಮೂಳೆ ಜೂಜಿನದು. ಬ್ಯಾಲಿ ಕಂಪನಿಯ 'ಸೈಟೇಷನ್', 'ಟರ್ಫ್ ಕಿಂಗ್' ಮೊದಲಾದ ಒಂದೇ ಗುಂಡಿನ ಆಟಗಳು ಕುದುರೆ ರೇಸಿನ ಚಿತ್ರ ಹೊತ್ತು ನೇರ ಪಣದ ಕೆಲಸ ಮಾಡುತ್ತಿದ್ದ ದಿನಗಳವು. 1951ರ ಜನವರಿಯಲ್ಲಿ ಜೂಜಿನ ಯಂತ್ರಗಳನ್ನು ರಾಜ್ಯದಿಂದ ರಾಜ್ಯಕ್ಕೆ ಸಾಗಿಸುವುದನ್ನು ತಡೆಯುವ ಜಾನ್ಸನ್ ಕಾಯ್ದೆ ಜಾರಿಯಾಯಿತು. ಅದೇ ವರ್ಷ ಬಂದ ಜಲೋಪಿ ಹಣ ಕೊಡುವುದಿಲ್ಲ, ಮರು ಆಟ ಕೊಡುತ್ತದೆ. ಆದರೆ 'ಆರರಲ್ಲಿ ಒಂದು ನಿನ್ನದು' ಎಂಬ ಮಾತಿನ ದಾಟಿ ರೇಸ್‌ಕೋರ್ಸಿನ ಕಟಕಟೆಯದೇ. ನೀವು ಗಾಡಿಯೊಳಗೆ ಕೂತಿಲ್ಲ, ಗ್ಯಾಲರಿಯಲ್ಲಿ ಚೀಟಿ ಹಿಡಿದು ನಿಂತಿದ್ದೀರಿ. ವ್ಯತ್ಯಾಸ ಇಷ್ಟೇ, ಕೈಯಲ್ಲಿ ಫ್ಲಿಪ್ಪರಿನ ಗುಂಡಿಯೂ ಇದೆ.

ನನ್ನ ಪ್ರಕಾರ ಈ ಮೂರನೆಯ ದೋಷವೇ ಆಟದ ಪ್ರಾಮಾಣಿಕತೆಯೂ ಹೌದು. ಅದನ್ನು ಕಾಣಲು ಮುಂದೆ ಬಂದ ಎರಡು ಯಂತ್ರಗಳ ಪಕ್ಕ ಇಟ್ಟು ನೋಡಬೇಕು. 1969ರಲ್ಲಿ ಷಿಕಾಗೋ ಕಾಯಿನ್ ಕಂಪನಿಯ 'ಸ್ಪೀಡ್‌ವೇ' ಬಂತು. ಜಪಾನಿನ ಕಾಸ್ಕೋ ಕಂಪನಿಯ 'ಇಂಡಿ 500' ಆಟದಿಂದ ಪಡೆದದ್ದು. ಇದು ಪಿನ್‌ಬಾಲ್ ಅಲ್ಲ, ಗುಂಡೇ ಇಲ್ಲ. ತಿರುಗುವ ತಟ್ಟೆಗಳ ಮೇಲೆ ಬರೆದ ಕಾರುಗಳನ್ನು ದೀಪ ಮತ್ತು ಕನ್ನಡಿಗಳಿಂದ ಪರದೆಗೆ ಹಾಯಿಸುತ್ತಿದ್ದರು. ಆಟಗಾರನ ಕೈಗೆ ಸ್ಟಿಯರಿಂಗ್, ಕಣ್ಣೆದುರು ಕಾರಿನ ಮುಂಗಾಜಿನಿಂದ ಕಂಡಂಥ ದಾರಿ. ಮೊಳೆ ಹಲಗೆ ಕೊಡಲಾರದೆ ಹೋದದ್ದನ್ನೆಲ್ಲ ಇದು ಕೊಟ್ಟಿತು. ನೀನೇ ಚಾಲಕ ಎಂದು ಹೇಳಿತು. ಆದರೆ ಆ ದಾರಿಯಲ್ಲಿ ನಿಜವಾದ ವಸ್ತುವೇ ಇಲ್ಲ. ತಟ್ಟೆ ತಿರುಗಿದಷ್ಟೇ ಲೋಕ. ಪಿನ್‌ಬಾಲಿನ ಗುಂಡಿಗೆ ತೂಕವಿದೆ, ಅದು ಯಾರೂ ಎಣಿಸದ ಕಡೆಗೂ ಹೋಗಬಲ್ಲದು.

ಎರಡನೆಯದು 1976ರ 'ಗ್ರಾನ್ ಪ್ರಿ'. ವಿಲಿಯಮ್ಸ್ ಕಂಪನಿಯದೇ, ವಿನ್ಯಾಸ ಅದೇ ಸ್ಟೀವ್ ಕಾರ್ಡೆಕ್‌ನದು. ರಿಲೇಗಳ ಯುಗದ ಕೊನೆಯ ಫಲಗಳಲ್ಲಿ ಒಂದು. ಇದರ ಗಾಜಿನ ಕಾರುಗಳು ಓಡುವುದಿಲ್ಲ. ಆದರೆ ಹಲಗೆಯ ಮೇಲೆ ಎರಡು ಸ್ಪಿನ್ನರುಗಳಿವೆ. ಗುಂಡು ಹಾದಾಗ ಗಿರ್ರನೆ ತಿರುಗುವ ತಗಡಿನ ಫಲಕಗಳು, ಪ್ರತಿ ಸುತ್ತಿಗೂ ಅಂಕ. ಜೋರಾಗಿ ಹೊಡೆದಷ್ಟೂ ಹೆಚ್ಚು ಸುತ್ತು. ರೇಸಿನ ಪಿನ್‌ಬಾಲಿಗೆ ಇಲ್ಲದಿದ್ದ ವೇಗ ಇಲ್ಲಿ ಕೊನೆಗೂ ಅಂಕವಾಯಿತು. ಆ ಗಿರಕಿಯ ಸದ್ದು ಕೇಳಿದವರಿಗೆ ಗೊತ್ತು, ಅದರ ಸುಖವೇ ಬೇರೆ. ಆಡಲು ಇದು ಜಲೋಪಿಗಿಂತ ಒಳ್ಳೆಯ ಆಟ ಎಂದರೆ ನಾನು ತಕರಾರು ತೆಗೆಯುವುದಿಲ್ಲ. ಆದರೆ ಇಲ್ಲಿ ಎದುರಾಳಿ ಮಾಯ. ವೇಗ ಬಂತು, ರೇಸು ಹೋಯಿತು.

ಅದೇ 1976ರಲ್ಲಿ ನ್ಯೂಯಾರ್ಕ್ ನಗರ ಪಿನ್‌ಬಾಲ್ ಮೇಲಿನ ನಿಷೇಧ ತೆಗೆಯಿತು. 1942ರಲ್ಲಿ ಮೇಯರ್ ಲಾ ಗಾರ್ಡಿಯಾ ಇದು ಜೂಜು ಎಂದು ಯಂತ್ರಗಳನ್ನು ಜಪ್ತಿ ಮಾಡಿಸಿ, ಸುತ್ತಿಗೆಯಿಂದ ಒಡೆಯುತ್ತ ಫೋಟೋಕ್ಕೆ ನಿಂತಿದ್ದ. ಮೂವತ್ತನಾಲ್ಕು ವರ್ಷಗಳ ಮೇಲೆ ರೋಜರ್ ಶಾರ್ಪ್ ಎಂಬ ಪತ್ರಕರ್ತ ನಗರಸಭೆಯವರ ಎದುರು ಯಂತ್ರದ ಮುಂದೆ ನಿಂತು, ಗುಂಡು ಇಂಥ ಓಣಿಯಲ್ಲೇ ಇಳಿಯುತ್ತದೆ ಎಂದು ಮೊದಲೇ ಹೇಳಿ ಕೋಲು ಎಳೆದ. ಗುಂಡು ಹೇಳಿದ ಓಣಿಯಲ್ಲೇ ಇಳಿಯಿತು. ಇದು ಕೈಚಳಕ, ಅದೃಷ್ಟವಲ್ಲ ಎಂದು ತೀರ್ಮಾನವಾಯಿತು. ಒಳ್ಳೆಯ ಕಥೆ. ಆದರೆ ಆ ಒಂದು ಹೊಡೆತದಲ್ಲಿ ಅದೃಷ್ಟದ ಪಾಲು ಎಷ್ಟಿತ್ತು ಎಂದು ಹೇಳುವವರು ಯಾರು?

ಈ ವಾದ ನಮಗೆ ಹೊಸದಲ್ಲ. ಕುದುರೆ ರೇಸು ಕೌಶಲದ ಆಟ ಎಂದು ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ಕರ್ನಾಟಕ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟು 2022ರಲ್ಲಿ ರದ್ದುಮಾಡಿದಾಗಲೂ ಚರ್ಚೆ ಸುತ್ತಿದ್ದು ಕೌಶಲವೋ ಅದೃಷ್ಟವೋ ಎಂಬುದರ ಸುತ್ತಲೇ. ಕಾನೂನಿಗೆ ಎರಡರಲ್ಲಿ ಒಂದು ಉತ್ತರ ಬೇಕು. ಆಡುವವನಿಗೆ ಎರಡೂ ಒಟ್ಟಿಗೇ ಇರುತ್ತವೆ. ಮೊಬೈಲಿನಲ್ಲಿ ಹಣ ಕಳೆದುಕೊಂಡವನನ್ನು ಕೇಳಿ ನೋಡಿ, 'ನನ್ನ ಲೆಕ್ಕಾಚಾರ ಸರಿ ಇತ್ತು, ಇನ್ನೊಂದು ಸಲ ಆಡಿದ್ದರೆ' ಎನ್ನುತ್ತಾನೆ. ಸ್ಟಿಯರಿಂಗ್ ನಿನ್ನ ಕೈಯಲ್ಲಿದೆ ಎಂದು ನಂಬಿಸುವ ಆಟವೇ ಹೆಚ್ಚು ಅಪಾಯದ್ದು. ಜಲೋಪಿ ಹಾಗೆ ನಂಬಿಸುವುದಿಲ್ಲ. ನೀನು ಚಾಲಕನಲ್ಲ, ನಿನ್ನದು ಆರರಲ್ಲಿ ಒಂದು, ನಿನ್ನ ಕೈಯಲ್ಲಿರುವುದು ಇಷ್ಟೇ ಇಷ್ಟು, ಆ ಇಷ್ಟರಲ್ಲೂ ಬಹುಪಾಲು ಪರರಿಗೆ ಹೋಗುತ್ತದೆ ಎಂದು ಗಾಜಿನ ಮೇಲೆಯೇ ತೋರಿಸುತ್ತದೆ. ಅಷ್ಟನ್ನು ಗೊತ್ತಿಟ್ಟುಕೊಂಡು ಆಡುವುದಾದರೆ ಆಡು ಎನ್ನುತ್ತದೆ.

ಅಜ್ಜಿ ಮನೆಯ ಹಲಗೆ ಈಗಿಲ್ಲ, ಒಲೆಗೆ ಹೋಯಿತೋ ಗೆದ್ದಲಿಗೆ ಹೋಯಿತೋ. ನಾಲ್ವರು ಸರದಿಯಲ್ಲಿ ಆಡುತ್ತಿದ್ದೆವು. ಗೋಲಿ ಬಿಟ್ಟವನು ಹಲಗೆಯ ಬಲಕ್ಕೆ ವಾಲಿದರೆ ಎದುರಿಗಿದ್ದವನು ಎಡಕ್ಕೆ ಒತ್ತುತ್ತಿದ್ದ, ಜಗಳವಾಗುತ್ತಿತ್ತು. ಆ ಕೆಂಪು ಕಾರು ಮಾತ್ರ ಯಾರ ಪರವೂ ಇಲ್ಲದೆ ನಡುವೆ ನಿಂತೇ ಇರುತ್ತಿತ್ತು. ನಮ್ಮ ನಾಲ್ವರ ಜಗಳದಲ್ಲಿ ಅದು ಒಂದು ಮೊಳೆಯಷ್ಟು ದೂರವಾದರೂ ಸರಿದಿದ್ದರೆ ನಾವು ಅಂಕ ಮರೆತು ಅದನ್ನೇ ನೋಡುತ್ತಿದ್ದೆವೇನೋ.